ಮೊದಲು ವಿಮಾನ, ಆಮೇಲೆ ಸಾಮಾನು: ಮನೆಯಲ್ಲಿ ಯುದ್ಧವಿಮಾನದ ಕಾಕ್‌ಪಿಟ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ರಸ್ತೆಯ ಆಸುಪಾಸಿನಲ್ಲಿ ಬೆಳೆದವರಿಗೆ ಒಂದು ಚಾಳಿ ಇರುತ್ತದೆ. ಆಕಾಶದಲ್ಲಿ ಸದ್ದಾದರೆ ಬಾಯಲ್ಲಿದ್ದ ಮಾತನ್ನು ಅಲ್ಲೇ ಬಿಟ್ಟು ಕತ್ತೆತ್ತುತ್ತಾರೆ. ಎಚ್‌ಎಎಲ್ ರನ್‌ವೇಯಿಂದ ಮೇಲೇರುವ ತೇಜಸ್ ಮನೆಯವರಿಗೆಲ್ಲ ಕಿವಿ ಮುಚ್ಚಿಕೊಳ್ಳುವ ವಿಷಯವಾದರೆ ನನ್ನಂಥವರಿಗೆ ತಾರಸಿಗೆ ಓಡುವ ವಿಷಯ. ಈ ಚಾಳಿ ಬೆಳೆದು ಒಂದು ದಿನ ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ (ನಿಜದಂತೆ ವಿಮಾನ ಹಾರಿಸುವ ತಂತ್ರಾಂಶದಲ್ಲಿ) ಹಾರಲು ಮನೆಯ ಮೂಲೆಯಲ್ಲೇ ಒಂದು ಕಾಕ್‌ಪಿಟ್ ಕಟ್ಟಬೇಕು ಅನ್ನಿಸಿದಾಗ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ: ಕೈಯಲ್ಲಿದ್ದ ದುಡ್ಡಿಗೆ ಸಿಗುವ ಅತಿ ಭಾರದ, ಅತಿ ಹೆಚ್ಚು ಗುಂಡಿಗಳ ಸ್ಟಿಕ್ಕನ್ನೂ (ವಿಮಾನ ತಿರುಗಿಸುವ ಹಿಡಿ) ಥ್ರಾಟಲ್ಲನ್ನೂ (ಎಂಜಿನ್ ಬಲ ಹೆಚ್ಚುಕಡಿಮೆ ಮಾಡುವ ಲಿವರ್) ತಂದು ಊಟದ ಮೇಜಿನ ಮೇಲೆ ಇಟ್ಟುಕೊಂಡೆ. ಆಗ ಹಾರಿಸುತ್ತಿದ್ದದ್ದು ಮಿಗ್-21. ಆ ವಿಮಾನಕ್ಕೆ ಬೇಕಾದ ಗುಂಡಿಗಳು ಹೆಚ್ಚೆಂದರೆ ಒಂದು ಡಜನ್. ಉಳಿದವು ಇಂದಿಗೂ ಯಾವ ಕೆಲಸವೂ ಇಲ್ಲದೆ ಹೊಳೆಯುತ್ತಿವೆ. ಬೇಕಾಗಿದ್ದ ಕಾಲಿನ ಪೆಡಲ್‌ಗೆ ಮಾತ್ರ ದುಡ್ಡು ಉಳಿದಿರಲಿಲ್ಲ.

ಅದಕ್ಕೇ ಈ ಬರಹದ ಕ್ರಮ ಅಂಗಡಿಯ ಕ್ರಮವಲ್ಲ. ವಿಮಾನ, ಕುರ್ಚಿ, ಸ್ಟಿಕ್, ಕತ್ತು, ಕಾಲು, ಎಡಗೈ. ಈ ಸರದಿಯಲ್ಲೇ ಹೋಗೋಣ.

ಹೆಜ್ಜೆ 1: ಯಾವ ವಿಮಾನ ಎಂದು ಮೊದಲು ತೀರ್ಮಾನಿಸಿ

ಸ್ಟಿಕ್ಕು, ಥ್ರಾಟಲ್ಲು ಎರಡರಿಂದಲೂ ಕೈ ಎತ್ತದೆ ಯುದ್ಧದ ಕೆಲಸವೆಲ್ಲ ನಡೆಯಬೇಕು ಎಂಬ ವಿನ್ಯಾಸಕ್ಕೆ ಹೊಟಾಸ್ ಎನ್ನುತ್ತಾರೆ. ಇದು ಸೊಗಸಿಗೆ ಹುಟ್ಟಿದ್ದಲ್ಲ. 9 ಜಿ ತಿರುವಿನಲ್ಲಿ, ಅಂದರೆ ಮೈಭಾರ ಒಂಬತ್ತು ಪಟ್ಟಾಗುವ ತಿರುವಿನಲ್ಲಿ, ನಾಲ್ಕು ಕೆ.ಜಿ. ತೂಗುವ ತೋಳು ಮೂವತ್ತಾರು ಕೆ.ಜಿ.ಯಾಗುತ್ತದೆ. ಆ ತೋಳನ್ನು ಎತ್ತಿ ಎದುರಿನ ಫಲಕದಲ್ಲಿ ಸ್ವಿಚ್ ಹುಡುಕಲು ಸಾಧ್ಯವಿಲ್ಲ. ಹಾಗಾಗಿ ರಾಡಾರ್, ಕ್ಷಿಪಣಿ, ರೇಡಿಯೊ ಎಲ್ಲವೂ ಬೆರಳ ತುದಿಗೆ ಇಳಿದು ಬಂದವು. ಆದರೆ ಎಲ್ಲ ವಿಮಾನಗಳಲ್ಲೂ ಅಲ್ಲ. ನಿಮ್ಮ ಜೇಬಿಗೆ ಸಂಬಂಧಿಸಿದ ಸಂಗತಿ ಇದೇ.

ಅಮೆರಿಕದ ಯುದ್ಧವಿಮಾನ ಎಫ್/ಎ-18ಸಿ ತೆಗೆದುಕೊಳ್ಳಿ. ಅದರ ಸ್ಟಿಕ್ಕಿನ ಒಂದು ಸ್ವಿಚ್ಚನ್ನು ಮುಂದಕ್ಕೆ ತಳ್ಳಿದರೆ ಸ್ಪ್ಯಾರೊ ಕ್ಷಿಪಣಿ, ಒಳಕ್ಕೆ ಒತ್ತಿದರೆ ಸೈಡ್‌ವೈಂಡರ್, ಬಲಕ್ಕೆ ಸರಿಸಿದರೆ ಆಮ್‌ರಾಮ್, ಹಿಂದಕ್ಕೆ ಎಳೆದರೆ ಬಂದೂಕು. ಇದು ಒಂದೇ ಸ್ವಿಚ್ಚಿನ ಕಥೆ. ಇದರ ಜೊತೆಗೆ ಯಾವ ಪರದೆಯ ಮೇಲೆ ಹತೋಟಿ ಬೇಕೆಂದು ಹೇಳುವ ಸ್ವಿಚ್, ಟ್ರಿಮ್ (ಕೈ ಬಿಟ್ಟರೂ ವಿಮಾನ ನೇರ ಹಾರುವಂತೆ ಹೊಂದಿಸುವುದು), ಥ್ರಾಟಲ್ ಮೇಲೆ ರಾಡಾರ್ ಕರ್ಸರ್, ಆಂಟೆನಾ ಎತ್ತರಿಸುವ ಚಕ್ರ, ಫ್ಲೇರ್ (ಕ್ಷಿಪಣಿಯ ದಾರಿ ತಪ್ಪಿಸುವ ಉರಿಯುಂಡೆ) ಎಸೆಯುವ ಸ್ವಿಚ್, ನಾಲ್ಕು ದಿಕ್ಕಿನ ರೇಡಿಯೊ ಸ್ವಿಚ್. ಎಫ್-16 ಕೂಡ ಇದೇ ಜಾತಿ. ಇವುಗಳಿಗೆ ನಾಲ್ಕು ದಿಕ್ಕಿನ ಹ್ಯಾಟ್ ಸ್ವಿಚ್ಚುಗಳು ಮೂರು ನಾಲ್ಕಾದರೂ ಇರುವ ಸ್ಟಿಕ್ ಬೇಕು, ಗುಂಡಿಗಳಿರುವ ಥ್ರಾಟಲ್ ಬೇಕು. ಪೆಡಲ್ ಇಲ್ಲದಿದ್ದರೂ ಬಹಳ ದಿನ ನಡೆಯುತ್ತದೆ, ಏಕೆಂದರೆ ಹಾರುವಾಗ ರಡರ್ (ಪೆಡಲ್ ಒತ್ತಿದರೆ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಹೊಂದಾಣಿಕೆಯನ್ನು ವಿಮಾನದ ಕಂಪ್ಯೂಟರೇ ಬಹುಪಾಲು ನೋಡಿಕೊಳ್ಳುತ್ತದೆ.

ಇನ್ನು ಮಿಗ್-21ಬಿಸ್. ಭಾರತೀಯ ವಾಯುಪಡೆಗೆ 1963ರಲ್ಲಿ ಬಂದು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆದ ವಂಶ ಇದು. ಇಲ್ಲಿ ಲೆಕ್ಕ ತಲೆಕೆಳಗು. ಟ್ರಿಮ್, ಟ್ರಿಗರ್, ಆಯುಧ ಬಿಡುವ ಗುಂಡಿ, ವಿಮಾನವನ್ನು ಸಮತಲಕ್ಕೆ ತರುವ ಗುಂಡಿ, ಏರ್‌ಬ್ರೇಕ್, ಸ್ಟಿಕ್ಕಿಗೇ ಅಂಟಿಕೊಂಡ ಬ್ರೇಕ್ ಲಿವರ್, ಗುರಿ ಹಿಡಿಯಲು ಒಂದೆರಡು ಅಕ್ಷ (ಗುಂಡಿಯಂತೆ ಒತ್ತುವುದಲ್ಲ, ಮೆಲ್ಲಗೆ ಹೆಚ್ಚುಕಡಿಮೆ ಮಾಡುವ ನಿಯಂತ್ರಣ). ಉಳಿದದ್ದೆಲ್ಲ ಫಲಕದ ಮೇಲೆ, ಅಂದರೆ ನಿಮಗೆ ಮೌಸ್‌ನಲ್ಲಿ. ಆದರೆ ನೆಲದ ಮೇಲೆ ಇದರ ಮೂಗಿನ ಚಕ್ರ ತಾನಾಗಿ ತಿರುಗುವಂಥದ್ದು, ಅದಕ್ಕೆ ಸ್ಟೀರಿಂಗ್ ಇಲ್ಲ. ಕೈಯಲ್ಲಿ ಬ್ರೇಕ್ ಲಿವರ್ ಹಿಡಿದು ಕಾಲಲ್ಲಿ ಪೆಡಲ್ ಒತ್ತಿದಾಗ ಆ ಬದಿಯ ಚಕ್ರಕ್ಕೆ ಬ್ರೇಕ್ ಬಿದ್ದು ವಿಮಾನ ತಿರುಗುತ್ತದೆ. ಗುಂಡಿ ಕಡಿಮೆ ಇರಲಿ, ಪೆಡಲ್ ಇರಲಿ ಎನ್ನುವ ವಿಮಾನ ಇದು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್, ಮೆಸರ್‌ಶ್ಮಿಟ್ 109ರಂಥ ಬಾಲದ ಚಕ್ರದ ವಿಮಾನಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಹಾಗಾದರೆ ತೀರ್ಮಾನಿಸುವುದು ಹೇಗೆ? ಡಿಸಿಎಸ್ ವರ್ಲ್ಡ್ ಉಚಿತವಾಗಿ ಇಳಿಸಿಕೊಳ್ಳಬಹುದಾದ ಸಿಮ್ಯುಲೇಟರ್. ಅದರ ಜೊತೆಗೇ ಸುಖೋಯ್-25ಟಿ ದಾಳಿ ವಿಮಾನವೂ ಆಯುಧವಿಲ್ಲದ ಟಿಎಫ್-51ಡಿ ಮಸ್ಟ್ಯಾಂಗೂ ಬರುತ್ತವೆ. ಹಲವು ಮಾರಾಟದ ವಿಮಾನಗಳನ್ನು 14 ದಿನ ಉಚಿತವಾಗಿ ಹಾರಿಸಿ ನೋಡಬಹುದು. ಎಫ್-16 ಒಂದೇ ಸಾಕು ಎನ್ನುವವರಿಗೆ ಫಾಲ್ಕನ್ ಬಿಎಂಎಸ್ ಎಂಬ ಸಿಮ್ಯುಲೇಟರ್ ಇದೆ. ಅದಕ್ಕೆ 1998ರ ಫಾಲ್ಕನ್ 4.0 ಆಟದ ಅಧಿಕೃತ ಪ್ರತಿ ಬೇಕು. ಮಹಾಯುದ್ಧದ ಕಾಲ ಇಷ್ಟವಾದರೆ ಐಎಲ್-2 ಎಂಬ ಸಿಮ್ಯುಲೇಟರ್. ಕೀಬೋರ್ಡಿನಲ್ಲೋ ಗೆಳೆಯನ ಹಳೇ ಸ್ಟಿಕ್ಕಿನಲ್ಲೋ ಎರಡು ವಾರ ಒದ್ದಾಡಿ. ಬೆಳಿಗ್ಗೆ ಹಲ್ಲುಜ್ಜುವಾಗ ಯಾವ ವಿಮಾನ ನೆನಪಾಗುತ್ತದೋ ಅದೇ ನಿಮ್ಮದು.

ಕಂಪ್ಯೂಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಸ್‌ಎಸ್‌ಡಿ ಇಲ್ಲದೆ ಡಿಸಿಎಸ್‌ಗೆ ಕೈಹಾಕಬೇಡಿ, 32 ಜಿಬಿ ರ‍್ಯಾಮ್ ಇರಲಿ, ಗ್ರಾಫಿಕ್ಸ್ ಕಾರ್ಡ್ ಜೇಬು ಹೇಳಿದಂತೆ.

ಹೆಜ್ಜೆ 2: ಕುರ್ಚಿ, ಪ್ಲೈವುಡ್, ನಟ್ಟು ಬೋಲ್ಟು

ಸ್ಟಿಕ್ ಕೊಳ್ಳುವ ಮುನ್ನವೇ ಅದು ಎಲ್ಲಿ ಕೂರುತ್ತದೆ ಎಂದು ನಿರ್ಧರಿಸಿ. ಮೇಜಿನ ಮೇಲಿಟ್ಟ ಸ್ಟಿಕ್ ಹಿಡಿದು ಅರ್ಧ ಗಂಟೆ ಹಾರಿಸಿದರೆ ಭುಜ ಕಿವಿಯ ಹತ್ತಿರ ಬಂದಿರುತ್ತದೆ. ಮರುದಿನ ಬೆಳಿಗ್ಗೆ ಅದರ ಅರ್ಥ ತಿಳಿಯುತ್ತದೆ.

ಮಿಗ್-21, ಮಿರಾಜ್ 2000, ತೇಜಸ್, ಎಫ್/ಎ-18 ಎಲ್ಲದರಲ್ಲೂ ಸ್ಟಿಕ್ ಇರುವುದು ಎರಡು ಮೊಣಕಾಲುಗಳ ನಡುವೆ. ಎಫ್-16, ರಫೇಲ್‌ಗಳಲ್ಲಿ ಬಲಗೈ ಪಕ್ಕದಲ್ಲಿ. ನಡುವಿನ ಸ್ಟಿಕ್ಕಿನ ಲಾಭ ಏನೆಂದರೆ, ಮುಂದೋಳು ತೊಡೆಯ ಮೇಲೆ ಒರಗಿರುತ್ತದೆ, ಕೆಲಸ ಮಾಡುವುದು ಮಣಿಕಟ್ಟು ಮತ್ತು ಬೆರಳು. ಇದನ್ನು ಮನೆಯಲ್ಲಿ ಮಾಡಲು ಸಾವಿರಾರು ರೂಪಾಯಿಯ ಅಲ್ಯುಮಿನಿಯಂ ಚೌಕಟ್ಟು ಬೇಕಿಲ್ಲ. ನಾನು ಮಾಡಿಸಿಕೊಂಡದ್ದು ಹೀಗೆ:

ನಾಲ್ಕು ಕಾಲಿನ, ಚಕ್ರವಿಲ್ಲದ ಗಟ್ಟಿ ಕುರ್ಚಿ ಒಂದನ್ನು ಆರಿಸಿ. ಅದರ ನಾಲ್ಕೂ ಕಾಲು ನಿಲ್ಲುವಷ್ಟು ಅಗಲದ, ಮುಂದೆ ಪಾದ ಚಾಚುವವರೆಗೆ ಉದ್ದದ 18 ಮಿ.ಮೀ. ಪ್ಲೈವುಡ್ ಹಲಗೆ ಕತ್ತರಿಸಿ. ಕುರ್ಚಿಯ ಮುಂಭಾಗಕ್ಕೆ ಸರಿಯಾಗಿ, ಹಲಗೆಯ ನಡುಮಧ್ಯೆ ಎರಡಿಂಚು ಚೌಕದ ಮರದ ಕಂಬ ನಿಲ್ಲಿಸಿ ನಾಲ್ಕು ಕಡೆಯಿಂದಲೂ ಎಲ್ ಆಂಗಲ್ ಹಾಕಿ ಬಿಗಿಯಿರಿ. ಕಂಬದ ತಲೆಯ ಮೇಲೆ ಸ್ಟಿಕ್ಕಿನ ತಳದಷ್ಟು ಚಿಕ್ಕ ಹಲಗೆ. ಕುಳಿತಾಗ ನಿಮ್ಮ ಭಾರವೇ ಇಡೀ ರಚನೆಯನ್ನು ಒತ್ತಿ ಹಿಡಿಯುತ್ತದೆ. ಪೆಡಲ್ ಬಂದಾಗ ಅದೂ ಇದೇ ಹಲಗೆಯ ಮುಂತುದಿಗೆ ಕೂರುತ್ತದೆ. ಆಗ ಕಾಲು ಒತ್ತಿದರೆ ಕುರ್ಚಿ ಹಿಂದಕ್ಕೆ ಜಾರುವ ಪ್ರಶ್ನೆಯೇ ಇಲ್ಲ. ಚಕ್ರದ ಕುರ್ಚಿಯಲ್ಲಿ ಪೆಡಲ್ ಒತ್ತಿ ಗೋಡೆಗೆ ಹೋಗಿ ತಾಗಿದವರಿಗೆ ಇದರ ಬೆಲೆ ಗೊತ್ತು.

ಕಂಬದ ಎತ್ತರವನ್ನು ಅಳತೆಪಟ್ಟಿ ನೋಡಿ ನಿರ್ಧರಿಸಬೇಡಿ. ಕುಳಿತು, ಕಣ್ಣು ಮುಚ್ಚಿ, ಮುಂದೋಳನ್ನು ತೊಡೆಯ ಮೇಲಿಟ್ಟು ಮುಷ್ಟಿ ಹಿಡಿಯಿರಿ. ಆ ಮುಷ್ಟಿ ಇರುವ ಕಡೆಗೆ ಸ್ಟಿಕ್ಕಿನ ಹಿಡಿ ಬರಬೇಕು. ಕೆಳಗಿನಿಂದ ಲೆಕ್ಕ ಹಾಕುತ್ತಾ ಬಂದರೆ ಕಂಬದ ಎತ್ತರ ಸಿಗುತ್ತದೆ. ಮೊದಲು ಎರಡು ಸೆಂಟಿಮೀಟರ್ ಉದ್ದವಾಗಿಯೇ ಕತ್ತರಿಸಿ, ಒಂದು ವಾರ ಹಾರಿಸಿ ಆಮೇಲೆ ಕಡಿಮೆ ಮಾಡಿ. ಮರ ಕತ್ತರಿಸಿದ್ದನ್ನು ಬೆಳೆಸಲಾಗದು ಎಂದು ನಮ್ಮ ಬಡಗಿ ಹೇಳಿದ್ದು ಸುಮ್ಮನೆ ಅಲ್ಲ.

ಪರೀಕ್ಷೆ ಸುಲಭ. ಸ್ಟಿಕ್ಕನ್ನು ಮೂಲೆಗೆ ಒತ್ತಿ ಹಿಡಿದು ಇನ್ನಷ್ಟು ತಳ್ಳಿ. ಕಂಬ ಅಲುಗಾಡಿದರೆ ಇನ್ನೊಂದು ಆಂಗಲ್ ಬೇಕು. ಬೋಲ್ಟ್ ಬಿಗಿಯುವಾಗ ಅಗಲದ ವಾಷರ್ ಮರೆಯಬೇಡಿ, ಇಲ್ಲದಿದ್ದರೆ ಬೋಲ್ಟಿನ ತಲೆ ಪ್ಲೈವುಡ್ಡನ್ನು ತಿಂದುಬಿಡುತ್ತದೆ. ಬಾಡಿಗೆ ಮನೆಯವರು, ಸಂಜೆ ಎಲ್ಲ ಎತ್ತಿಡಬೇಕಾದವರು ಮೇಜಿನ ಅಂಚಿಗೆ ಕಚ್ಚುವ ಕ್ಲಾಂಪ್ ಬಳಸಬಹುದು. ಸ್ಟಿಕ್ ಮೇಜಿನ ಮೇಲ್ಮೈಗಿಂತ ಕೆಳಗೆ ಬರುವಂಥದ್ದೇ ಆಗಲಿ.

ಹೆಜ್ಜೆ 3: ಸ್ಟಿಕ್

ಈಗ ಸ್ಟಿಕ್. ಒಳಗಿನ ಸೆನ್ಸರ್ ಎರಡು ಬಗೆ. ಹಳೆಯ ಮತ್ತು ಅಗ್ಗದವುಗಳಲ್ಲಿ ಪೊಟೆನ್ಷಿಯೋಮೀಟರ್ ಇರುತ್ತದೆ. ಹಳೇ ರೇಡಿಯೊದ ಸದ್ದಿನ ತಿರುಗುಗುಂಡಿಯ ಒಳಗಿರುವುದೂ ಅದೇ. ಇಂಗಾಲದ ಪಟ್ಟಿಯ ಮೇಲೆ ಲೋಹದ ತುದಿ ಉಜ್ಜುತ್ತಾ ಹೋಗುತ್ತದೆ. ಉಜ್ಜಿದ್ದು ಸವೆಯುತ್ತದೆ, ಧೂಳು ಸೇರುತ್ತದೆ. ಕೊನೆಗೆ ನೀವು ಕೈ ಬಿಟ್ಟಿದ್ದರೂ ವಿಮಾನ ಹುಳುಕು ಹಲ್ಲಿನ ನೋವಿನಂತೆ ಆಗಾಗ ಜಗ್ಗುತ್ತದೆ. ಇನ್ನೊಂದು ಬಗೆ ಹಾಲ್ ಸೆನ್ಸರ್. ಅಯಸ್ಕಾಂತದ ಸ್ಥಾನವನ್ನು ಮುಟ್ಟದೆಯೇ ಅಳೆಯುವುದರಿಂದ ಅಲ್ಲಿ ಉಜ್ಜಾಟವಿಲ್ಲ. ಕಾರವಾರ, ಮಂಗಳೂರು ಕಡೆಯ ಉಪ್ಪುಗಾಳಿ, ತೇವದ ನಡುವೆ ಇರುವವರು ಎರಡನೆಯದನ್ನೇ ಹುಡುಕಿ.

ಆರಂಭಕ್ಕೆ ಥ್ರಸ್ಟ್‌ಮಾಸ್ಟರ್ ಟಿ.16000ಎಂ ಸಾಕು. ಮುಖ್ಯ ಅಕ್ಷಗಳಿಗೆ ಹಾಲ್ ಸೆನ್ಸರ್ ಇದೆ, ಹಿಡಿಯನ್ನು ತಿರುಚಿದರೆ ರಡರ್ ಕೆಲಸ ಮಾಡುತ್ತದೆ, ಎಡಗೈಯವರಿಗೂ ಹೊಂದುತ್ತದೆ. ಗುಂಡಿಗಳು ತಳದ ಮೇಲೆ ಹೆಚ್ಚು, ಹಿಡಿಯ ಮೇಲೆ ಕಡಿಮೆ. ಮಿಗ್-21ಕ್ಕೆ ಧಾರಾಳ, ಎಫ್/ಎ-18ಕ್ಕೆ ಇಕ್ಕಟ್ಟು. ವಿಕೆಬಿ ಗ್ಲಾಡಿಯೇಟರ್ ಎನ್‌ಎಕ್ಸ್‌ಟಿ ನನ್ನ ಮಟ್ಟಿಗೆ ದುಡ್ಡಿಗೆ ತಕ್ಕ ಸ್ಟಿಕ್. ಹಿಡಿಯ ಮೇಲೆ ಹ್ಯಾಟ್ ಸ್ವಿಚ್ಚುಗಳು ಸಾಕಷ್ಟಿವೆ, ಒಳಗಿನ ಸ್ಪ್ರಿಂಗ್ ಬದಲಿಸಿ ಬಿಗಿ ಹೆಚ್ಚುಕಡಿಮೆ ಮಾಡಬಹುದು. ಥ್ರಸ್ಟ್‌ಮಾಸ್ಟರ್ ವಾರ್ಥಾಗ್ ಎ-10ಸಿ ವಿಮಾನದ ಹಿಡಿಯ ಪ್ರತಿರೂಪ. ಲೋಹದ್ದು, ಭಾರದ್ದು, ಕೈಗೆ ತಂಪು. ಅದರ ಹಿಡಿಯಲ್ಲಿ ತಿರುಚುವ ಅಕ್ಷ ಇಲ್ಲ ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ. ಅಂದರೆ ಅದನ್ನು ತಂದ ದಿನವೇ ಪೆಡಲ್ ಖರ್ಚೂ ತಲೆಯ ಮೇಲೆ ಬಂತು. ವರ್ಪಿಲ್, ವಿನ್‌ವಿಂಗ್ ಕಂಪನಿಗಳ ಸ್ಟಿಕ್ಕುಗಳು ಅದರ ಮೇಲಿನ ಮಟ್ಟ. ವಿದೇಶದಿಂದ ನೇರವಾಗಿ ತರಿಸುವುದಾದರೆ ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಸೇರಿಸಿಯೇ ಬೆಲೆ ಹೋಲಿಸಿ. ಪರದೆಯ ಮೇಲಿನ ಬೆಲೆ ಬಾಗಿಲಿಗೆ ಬರುವ ಬೆಲೆಯಲ್ಲ.

ಎಫ್-16 ಅಭಿಮಾನಿಗಳಿಗೊಂದು ಮಾತು. ಆ ವಿಮಾನದ ಸ್ಟಿಕ್ ಮೊದಲಿಗೆ ಅಲುಗಾಡುತ್ತಲೇ ಇರಲಿಲ್ಲ, ಕೈಯ ಒತ್ತಡವನ್ನಷ್ಟೇ ಅಳೆಯುತ್ತಿತ್ತು. ಪೈಲಟ್‌ಗಳಿಗೆ ಅದು ಒಗ್ಗಲಿಲ್ಲ. ಆಮೇಲೆ ಕಾಲು ಇಂಚಿನಷ್ಟು ಚಲನೆ ಕೊಟ್ಟರು. ಅಂಥ ಒತ್ತಡದ ಸ್ಟಿಕ್ಕುಗಳು ಮನೆಬಳಕೆಗೂ ಸಿಗುತ್ತವೆ, ಆದರೆ ಬೇರೆ ವಿಮಾನ ಹಾರಿಸುವಾಗ ಅವು ಕಂಬಕ್ಕೆ ಕೈ ಕಟ್ಟಿದಂತೆ. ಎಫ್-16 ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಆಣೆ ಮಾಡಬಲ್ಲವರಿಗೆ ಮಾತ್ರ.

ಮೋಟಾರು ಇರುವ, ಕೈಗೆ ಪ್ರತಿಬಲ ಕೊಡುವ ಸ್ಟಿಕ್ಕುಗಳು ಈಗ ಮತ್ತೆ ಬಂದಿವೆ. ಸ್ಪ್ರಿಂಗ್ ಸ್ಟಿಕ್ ಯಾವಾಗಲೂ ನಡುವಿಗೇ ಮರಳುತ್ತದೆ. ಹಳೇ ವಿಮಾನಗಳಲ್ಲಿ ಟ್ರಿಮ್ ಮಾಡಿದರೆ ಸ್ಟಿಕ್ಕಿನ ವಿಶ್ರಾಂತ ಸ್ಥಾನವೇ ಬದಲಾಗುತ್ತದೆ. ಆ ಅನುಭವ ಮೋಟಾರಿನ ಸ್ಟಿಕ್ಕಿನಲ್ಲಿ ಮಾತ್ರ ಸಿಗುತ್ತದೆ. ಹೆಲಿಕಾಪ್ಟರ್, ಮಹಾಯುದ್ಧದ ವಿಮಾನ ಹಾರಿಸುವವರು ಆಸೆಪಟ್ಟರೆ ತಪ್ಪಿಲ್ಲ. ಮೊದಲ ಸ್ಟಿಕ್ಕಾಗಿ ಬೇಡ.

ಹೆಜ್ಜೆ 4: ಕತ್ತು

ಎಲ್ಲಕ್ಕಿಂತ ಹೆಚ್ಚು ಬದಲಾವಣೆ ತರುವುದು, ಎಲ್ಲಕ್ಕಿಂತ ಕಡಿಮೆ ಖರ್ಚಿನದು ಇದೇ. ಎದುರಾಳಿ ರೆಕ್ಕೆಯ ಹಿಂದೆ ಸರಿದ ಕ್ಷಣ ಅವನನ್ನು ಕಣ್ಣಲ್ಲಿ ಹಿಡಿದಿಡಬೇಕು. ಹೆಬ್ಬೆರಳಿನ ಹ್ಯಾಟ್ ಸ್ವಿಚ್ಚಿನಲ್ಲಿ ನೋಟ ತಿರುಗಿಸುವವನು ಆಗಲೇ ಅರ್ಧ ಸೋತಿರುತ್ತಾನೆ. ತಲೆಯ ಚಲನೆಯನ್ನು ಕ್ಯಾಮೆರಾ ಗುರುತಿಸಿ ಸಿಮ್ಯುಲೇಟರ್‌ಗೆ ತಿಳಿಸುವ ವ್ಯವಸ್ಥೆ ಬೇಕು. ಸಿದ್ಧರೂಪದಲ್ಲಿ ಟ್ರ್ಯಾಕ್‌ಐಆರ್ ಇದೆ, ಕಣ್ಣನ್ನೂ ಹಿಂಬಾಲಿಸುವ ಟೋಬಿ ಇದೆ. ಆದರೆ ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶ ಇರುವಾಗ ಮೊದಲು ಅದನ್ನೇ ಪ್ರಯತ್ನಿಸಿ.

ಏನೂ ಕೊಳ್ಳದೆ ಶುರುಮಾಡಲು: ಓಪನ್‌ಟ್ರ್ಯಾಕ್ ತೆರೆದು, ಇನ್‌ಪುಟ್‌ನಲ್ಲಿ ನ್ಯೂರಲ್‌ನೆಟ್ ಆರಿಸಿ, ಸಾಮಾನ್ಯ ವೆಬ್‌ಕ್ಯಾಮ್ ತೋರಿಸಿ. ಮುಖವನ್ನೇ ಅದು ಹಿಂಬಾಲಿಸುತ್ತದೆ. ಔಟ್‌ಪುಟ್‌ನಲ್ಲಿ ಫ್ರೀಟ್ರ್ಯಾಕ್ 2.0, ಫಿಲ್ಟರ್‌ನಲ್ಲಿ ಅಕ್ಸೆಲಾ. ಕೋಣೆಯ ದೀಪ ಮುಖದ ಮೇಲೆ ಬೀಳುವಂತಿರಲಿ. ಬಹಳ ಜನರಿಗೆ ಇಷ್ಟೇ ಸಾಕಾಗುತ್ತದೆ.

ಇನ್ನೂ ಚುರುಕು ಬೇಕೆಂದರೆ ಅತಿಗೆಂಪು ದೀಪದ ಕ್ಲಿಪ್ ನೀವೇ ಮಾಡಬಹುದು. ಬೆಂಗಳೂರಿನವರು ಎಸ್.ಪಿ. ರಸ್ತೆಗೆ ಒಂದು ಸುತ್ತು ಹೋದರೆ ಸಾಮಾನು ಮುಗಿಯಿತು: 850 ನ್ಯಾನೋಮೀಟರ್‌ನ ಮೂರು ಅತಿಗೆಂಪು ಎಲ್‌ಇಡಿ, 47 ಓಮ್ ರೆಸಿಸ್ಟರ್ ಒಂದು, ಹಳೇ ಯುಎಸ್‌ಬಿ ವೈರ್, ಗಟ್ಟಿ ತಂತಿ. 940 ನ್ಯಾನೋಮೀಟರ್‌ನವು ಕ್ಯಾಮೆರಾಗೆ ಮಂಕಾಗಿ ಕಾಣುತ್ತವೆ, ಕೇಳಿ ತೆಗೆದುಕೊಳ್ಳಿ. ಮೂರೂ ಎಲ್‌ಇಡಿಗಳನ್ನು ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿ ರೆಸಿಸ್ಟರ್ ಸೇರಿಸಿ 5 ವೋಲ್ಟ್‌ಗೆ ಕೊಡಬೇಕು. ಒಂದೊಂದೂ ಸುಮಾರು 1.35 ವೋಲ್ಟ್ ತಿಂದರೆ ಉಳಿಯುವುದು 0.95 ವೋಲ್ಟ್. ಅದನ್ನು 47 ಓಮ್‌ನಿಂದ ಭಾಗಿಸಿದರೆ 20 ಮಿಲಿಆಂಪಿಯರ್, ಎಲ್‌ಇಡಿಗೆ ಹಿತವಾದ ಪ್ರಮಾಣ. ಎಲ್‌ಇಡಿಯ ಗುಂಡು ತಲೆಯನ್ನು ಉಪ್ಪುಕಾಗದದಿಂದ ಉಜ್ಜಿ ಚಪ್ಪಟೆ ಮಾಡಿ. ಬೆಳಕು ಎಲ್ಲ ಕಡೆ ಹರಡುವುದರಿಂದ ತಲೆ ತಿರುಗಿಸಿದಾಗಲೂ ಕ್ಯಾಮೆರಾಗೆ ಕಾಣುತ್ತದೆ. ಹೆಡ್‌ಫೋನಿನ ಬದಿಗೆ ಕಟ್ಟುವ ಈ ಕ್ಲಿಪ್‌ನಲ್ಲಿ ಮೂರು ದೀಪಗಳು ಒಂದರ ಕೆಳಗೊಂದಿರಬೇಕು, ನಡುವಿನದು ಮಾತ್ರ ಮುಂದಕ್ಕೆ ಚಾಚಿರಬೇಕು. ಅವುಗಳ ನಡುವಿನ ಅಂತರವನ್ನು ಮಿಲಿಮೀಟರ್‌ನಲ್ಲಿ ಅಳೆದು ಓಪನ್‌ಟ್ರ್ಯಾಕ್‌ನ ಪಾಯಿಂಟ್‌ಟ್ರ್ಯಾಕರ್‌ಗೆ ಕೊಡಿ. ಇಲ್ಲಿ ಅಂದಾಜು ನಡೆಯುವುದಿಲ್ಲ.

ಕ್ಯಾಮೆರಾಗೆ ಪ್ಲೇಸ್ಟೇಷನ್ 3 ಆಟದ ಯಂತ್ರದ ಹಳೇ ಪಿಎಸ್3 ಐ ಅಥವಾ ಯಾವುದಾದರೂ ಅಗ್ಗದ ವೆಬ್‌ಕ್ಯಾಮ್. ಲೆನ್ಸಿನ ಹಿಂದೆ ಅತಿಗೆಂಪನ್ನು ತಡೆಯುವ ಚಿಕ್ಕ ಗಾಜಿನ ತುಂಡು ಇರುತ್ತದೆ, ಅದನ್ನು ಎಚ್ಚರದಿಂದ ತೆಗೆಯಬೇಕು. ಬದಲಿಗೆ ಲೆನ್ಸಿನ ಮುಂದೆ ಹಳೇ ಫ್ಲಾಪಿ ಡಿಸ್ಕಿನ ಒಳಗಿನ ಕಪ್ಪು ಹಾಳೆ ಅಂಟಿಸಿ. ಅದು ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅತಿಗೆಂಪನ್ನು ಬಿಡುತ್ತದೆ. ಮನೆಯ ಅಟ್ಟದಲ್ಲಿ ಫ್ಲಾಪಿ ಸಿಗದಿದ್ದರೆ ಮದುವೆ ಫೋಟೊಗಳ ನೆಗೆಟಿವ್ ರೀಲಿನ ಕೊನೆಯಲ್ಲಿರುವ ಪೂರ್ತಿ ಕಪ್ಪಾದ ತುಂಡೂ ನಡೆಯುತ್ತದೆ. ಮನೆಯವರನ್ನು ಕೇಳಿ ಕತ್ತರಿಸಿ.

ನನಗೆ ಒಂದು ವಾರ ತಲೆಕೆಡಿಸಿದ ಸಂಗತಿ ಹೇಳುತ್ತೇನೆ. ಸಂಜೆ ಆರೂವರೆ ಆದೊಡನೆ ಕಾಕ್‌ಪಿಟ್‌ನ ನೋಟ ಹುಚ್ಚೆದ್ದು ಕುಣಿಯುತ್ತಿತ್ತು, ಎಂಟಕ್ಕೆ ತಾನಾಗಿ ಸರಿಹೋಗುತ್ತಿತ್ತು. ತಂತಿ ಬದಲಿಸಿದೆ, ಡ್ರೈವರ್ ಬದಲಿಸಿದೆ. ಕೊನೆಗೆ ಕ್ಯಾಮೆರಾದ ಚಿತ್ರ ತೆರೆದು ನೋಡಿದರೆ ಮೂರು ಚುಕ್ಕಿಗಳ ಜೊತೆಗೆ ನಾಲ್ಕನೆಯದೊಂದು ಮೆಲ್ಲಗೆ ಅಲುಗಾಡುತ್ತಿದೆ. ನನ್ನ ಬೆನ್ನ ಹಿಂದೆ, ದೇವರ ಗೂಡಿನಲ್ಲಿ ಅಮ್ಮ ಹಚ್ಚಿದ ದೀಪ! ಬೆಂಕಿಯ ಜ್ವಾಲೆ, ಹಳೇ ಬುರುಡೆ ಬಲ್ಬು, ಕಿಟಕಿಯ ಬಿಸಿಲು ಎಲ್ಲವೂ ಅತಿಗೆಂಪನ್ನು ಸೂಸುತ್ತವೆ. ದೀಪ ಆರಿಸುವ ಧೈರ್ಯ ಯಾರಿಗಿದೆ? ಕುರ್ಚಿಯನ್ನೇ ತಿರುಗಿಸಿದೆ.

ಚಲನೆಯ ನಕ್ಷೆಯಲ್ಲಿ, ನಿಮ್ಮ ತಲೆ ನಿಜದಲ್ಲಿ 40 ಡಿಗ್ರಿ ತಿರುಗಿದಾಗ ಕಾಕ್‌ಪಿಟ್‌ನಲ್ಲಿ 160 ಡಿಗ್ರಿ ತಿರುಗುವಂತೆ ಇಡಿ. ಅದಕ್ಕಿಂತ ಹೆಚ್ಚು ತಿರುಗಿದರೆ ಮಾನಿಟರ್ ಕಣ್ಣಿಂದ ಜಾರುತ್ತದೆ. ನಡುವಿನ ಮೂರು ನಾಲ್ಕು ಡಿಗ್ರಿ ಚಪ್ಪಟೆಯಾಗಿರಲಿ, ಇಲ್ಲದಿದ್ದರೆ ಉಸಿರಾಟಕ್ಕೂ ಗುರಿ ಅಲುಗುತ್ತದೆ. ನೋಟವನ್ನು ನಡುವಿಗೆ ತರುವ ಆಜ್ಞೆಯನ್ನು ಸ್ಟಿಕ್ಕಿನ ಒಂದು ಗುಂಡಿಗೇ ಕೊಡಿ.

ವಿಆರ್ (ಕಣ್ಣಿಗೆ ಕಟ್ಟಿಕೊಳ್ಳುವ ಪರದೆ) ಇದಕ್ಕಿಂತ ಅದ್ಭುತ, ನಿಜ. ಆದರೆ ಬಲಿಷ್ಠ ಗ್ರಾಫಿಕ್ಸ್ ಕಾರ್ಡ್ ಬೇಕು, ಬೇಸಿಗೆಯಲ್ಲಿ ಮುಖ ಬೆವರುತ್ತದೆ, ಕೀಬೋರ್ಡ್ ಕಾಣುವುದಿಲ್ಲ. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಹೆಜ್ಜೆ 5: ಕಾಲು, ಎಡಗೈ

ಮಿಗ್-21ರವರಿಗೂ ಮಹಾಯುದ್ಧದವರಿಗೂ ಪೆಡಲ್ ಮೊದಲು, ಎಫ್-16ರವರಿಗೆ ಥ್ರಾಟಲ್ ಮೊದಲು. ಪೆಡಲ್ ಆರಿಸುವಾಗ ಎರಡು ಪಾದಗಳ ನಡುವಿನ ಅಂತರ ನೋಡಿ. ತೀರಾ ಹತ್ತಿರವಿರುವ ಪೆಡಲ್‌ಗಳ ನಡುವೆ ಸ್ಟಿಕ್ಕಿನ ಕಂಬ ಇಟ್ಟರೆ ಮೊಣಕಾಲು ತಾಗುತ್ತದೆ. ಚಪ್ಪಲಿ ಹಾಕದೆ ಒತ್ತಿ ಅಭ್ಯಾಸ ಮಾಡಿಕೊಳ್ಳಿ, ಹಿಮ್ಮಡಿಗೆ ಒಂದು ರಬ್ಬರ್ ತುಂಡು ಹಾಕಿ.

ಥ್ರಾಟಲ್‌ನಲ್ಲಿ ಉದ್ದದ ಚಲನೆ ಮುಖ್ಯ. ಇಂಧನ ತುಂಬಿಸುವ ವಿಮಾನದ ಹಿಂದೆ ನಿಲ್ಲುವಾಗ ಮಿಲಿಮೀಟರ್ ಲೆಕ್ಕದ ಚಲನೆ ಬೇಕು. ಸಾಧ್ಯವಾದರೆ ಆಫ್ಟರ್‌ಬರ್ನರ್ (ಹೆಚ್ಚುವರಿ ಇಂಧನ ಉರಿಸಿ ಇನ್ನಷ್ಟು ಬಲ ಕೊಡುವ ವ್ಯವಸ್ಥೆ) ಹತ್ತುವ ಜಾಗದಲ್ಲಿ ಕೈಗೆ ತಿಳಿಯುವ ತಡೆ ಇರುವಂಥದ್ದು ಕೊಳ್ಳಿ. ಮಿಗ್-21ರ ಆಫ್ಟರ್‌ಬರ್ನರ್ ಇಂಧನ ಕುಡಿಯುವ ರೀತಿ ನೋಡಿದವರು ಅದನ್ನು ಅರಿವಿಲ್ಲದೆ ಹೊತ್ತಿಸಲು ಬಯಸುವುದಿಲ್ಲ.

ಹೆಜ್ಜೆ 6: ತಂತಿ, ವಿಂಡೋಸ್ ಮತ್ತು ಡಿಸಿಎಸ್‌ನ ಅತಿವಿನಯ

ಸ್ಟಿಕ್, ಥ್ರಾಟಲ್, ಪೆಡಲ್, ಕ್ಯಾಮೆರಾ, ಕ್ಲಿಪ್ ಸೇರಿ ಐದು ಯುಎಸ್‌ಬಿ ತಂತಿ. ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಇರುವ ಹಬ್ ತನ್ನಿ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿಯನ್ನು ನಿದ್ದೆಗೆ ಕಳಿಸುವ ಸೌಲಭ್ಯವನ್ನು ನಿಲ್ಲಿಸಿ, ಇಲ್ಲದಿದ್ದರೆ ಹಾರಾಟದ ಮಧ್ಯೆ ಸ್ಟಿಕ್ ಸತ್ತುಹೋಗುತ್ತದೆ. ಯಾವ ತಂತಿ ಯಾವ ರಂಧ್ರಕ್ಕೆ ಎಂದು ಚೀಟಿ ಅಂಟಿಸಿ. ರಂಧ್ರ ಬದಲಾದರೆ ಕೆಲವೊಮ್ಮೆ ಅದೇ ಸಾಮಾನು ಹೊಸದೆಂದು ದಾಖಲಾಗಿ ನಿಮ್ಮ ಹೊಂದಾಣಿಕೆಗಳೆಲ್ಲ ಕಾಣೆಯಾಗುತ್ತವೆ.

ಇನ್ನು ಹೊಸಬರನ್ನು ಅಳಿಸುವ ವಿಷಯ. ಹೊಸ ಸಾಮಾನು ಸಿಕ್ಕಿಸಿದೊಡನೆ ಡಿಸಿಎಸ್ ಸಹಾಯ ಮಾಡಲು ಹೋಗಿ ಅದಕ್ಕೂ ಅಕ್ಷಗಳನ್ನು ತಾನೇ ಹಂಚಿಬಿಡುತ್ತದೆ. ಪೆಡಲ್‌ನ ಕಾಲ್ಬೆರಳ ಬ್ರೇಕು ವಿಮಾನದ ಮೂಗು ಏರಿಸಲು ಶುರುಮಾಡುತ್ತದೆ! ವಿಮಾನ ತಾನಾಗಿ ಒಂದು ಕಡೆ ವಾಲುತ್ತಿದ್ದರೆ ಹತ್ತಕ್ಕೆ ಒಂಬತ್ತು ಬಾರಿ ಕಾರಣ ಇದೇ. ಕಂಟ್ರೋಲ್ಸ್ ಪುಟಕ್ಕೆ ಹೋಗಿ, ಅಕ್ಷಗಳ ವಿಭಾಗ ತೆರೆದು, ಸ್ಟಿಕ್ಕಿನ ಕಾಲಂ ಬಿಟ್ಟು ಉಳಿದೆಲ್ಲ ಕಾಲಂಗಳಲ್ಲಿ ಪಿಚ್ (ಮೂಗು ಏರಿಳಿಸುವುದು) ಮತ್ತು ರೋಲ್ (ಪಕ್ಕಕ್ಕೆ ವಾಲಿಸುವುದು) ಅಳಿಸಿ. ಥ್ರಾಟಲ್‌ಗೆ ಥ್ರಸ್ಟ್, ಪೆಡಲ್‌ಗೆ ರಡರ್ ಮತ್ತು ಬ್ರೇಕ್ ಮಾತ್ರ ಉಳಿಯಲಿ. ಬ್ರೇಕ್ ಅಕ್ಷಗಳು ಸಾಮಾನ್ಯವಾಗಿ ಉಲ್ಟಾ ಇರುತ್ತವೆ, ತಿರುಗಿಸಿ. ಪ್ರತಿ ವಿಮಾನಕ್ಕೂ ಇದನ್ನು ಬೇರೆ ಬೇರೆಯಾಗಿ ಮಾಡಬೇಕು. ಹಾರುವಾಗ ಬಲಗಡೆಯ ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಒಂದು ಚಿಕ್ಕ ಚೌಕ ಮೂಡಿ ಯಾವ ಅಕ್ಷ ಎಲ್ಲಿದೆ ಎಂದು ತೋರಿಸುತ್ತದೆ.

ಎಲ್ಲ ಸರಿಯಾದ ಮೇಲೆ ಸೇವ್ಡ್ ಗೇಮ್ಸ್ ಫೋಲ್ಡರ್‌ನಲ್ಲಿ ಡಿಸಿಎಸ್, ಅದರೊಳಗೆ ಕಾನ್ಫಿಗ್, ಅದರೊಳಗಿನ ಇನ್‌ಪುಟ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲಿಸಿಟ್ಟುಕೊಳ್ಳಿ. ಇಂದೇ.

ಹೆಜ್ಜೆ 7: ಗುಂಡಿ ಹಂಚಿಕೆ

ನಾನು ಪಾಲಿಸುವ ಕಟ್ಟಳೆ ಒಂದೇ: ತಿರುವಿನಲ್ಲಿ ನಲುಗುತ್ತಿರುವ ಪೈಲಟ್‌ಗೆ ಬೇಕಾದದ್ದು ಕೈಯೊಳಗೆ, ನೆಲದ ಮೇಲೆ ನಿಂತು ಮಾಡುವುದು ಮೌಸ್‌ಗೆ. ಬ್ಯಾಟರಿ ಸ್ವಿಚ್ಚಿಗೆ, ಕಾಕ್‌ಪಿಟ್ ಮುಚ್ಚಳಕ್ಕೆ ಗುಂಡಿ ವ್ಯರ್ಥ ಮಾಡಬೇಡಿ. ನಿಜವಾದ ವಿಮಾನದಲ್ಲಿ ಒಂದು ಕೆಲಸ ಯಾವ ಬೆರಳಿನದೋ ನಿಮ್ಮಲ್ಲೂ ಅದೇ ಬೆರಳಿಗೆ ಕೊಡಿ. ಟ್ರಿಮ್ ಹೆಬ್ಬೆರಳಿಗೆ, ಟ್ರಿಗರ್ ತೋರುಬೆರಳಿಗೆ. ಗುಂಡಿ ಸಾಲದಿದ್ದರೆ ಕಿರುಬೆರಳ ಲಿವರನ್ನು ಮಾಡಿಫೈಯರ್ ಮಾಡಿಕೊಳ್ಳಿ, ಅದನ್ನು ಒತ್ತಿ ಹಿಡಿದಾಗ ಉಳಿದ ಗುಂಡಿಗಳಿಗೆಲ್ಲ ಎರಡನೇ ಅರ್ಥ. ಒಂದಕ್ಕಿಂತ ಹೆಚ್ಚು ಮಾಡಿಫೈಯರ್ ಬೇಡ, ಗಾಬರಿಯಲ್ಲಿ ನೆನಪಾಗುವುದಿಲ್ಲ. ಎರಡು ವಿಮಾನ ಹಾರಿಸುವವರು ಫ್ಲೇರ್, ಏರ್‌ಬ್ರೇಕ್, ರೇಡಿಯೊಗಳನ್ನು ಎರಡರಲ್ಲೂ ಒಂದೇ ಜಾಗದಲ್ಲಿಡಿ. ಹಾಳೆಯ ಮೇಲೆ ಸ್ಟಿಕ್ಕಿನ ಚಿತ್ರ ಬರೆದು ಗೋಡೆಗೆ ಅಂಟಿಸಿ. ಒಂದು ತಿಂಗಳಾದ ಮೇಲೆ ಅದನ್ನು ನೋಡುವುದನ್ನು ನೀವೇ ಮರೆತಿರುತ್ತೀರಿ.

ಹೆಜ್ಜೆ 8: ಕರ್ವ್ ಮತ್ತು ಮೂರು ಪರೀಕ್ಷಾ ಹಾರಾಟ

ನಿಜವಾದ ನಡು ಸ್ಟಿಕ್ ಉದ್ದವಾಗಿರುತ್ತದೆ, ಅಲ್ಲಿ ಕೈ ಬಹುದೂರ ಚಲಿಸಿದಾಗ ಆಗುವ ಕೆಲಸ ಮೇಜಿನ ಗಿಡ್ಡ ಸ್ಟಿಕ್ಕಿನಲ್ಲಿ ಬೆರಳಿನಗಲಕ್ಕೇ ಆಗಿಬಿಡುತ್ತದೆ. ಈ ಅತಿಚುರುಕನ್ನು ನಡುಭಾಗದಲ್ಲಿ ಮೆದುಗೊಳಿಸುವುದೇ ಕರ್ವ್. ಗಿಡ್ಡ ಸ್ಟಿಕ್ಕಿಗೆ ಪಿಚ್, ರೋಲ್ ಎರಡಕ್ಕೂ 15ರಿಂದ ಶುರುಮಾಡಿ. ಸ್ಟಿಕ್ಕನ್ನು ಉದ್ದ ಮಾಡುವ ಹತ್ತು ಸೆಂಟಿಮೀಟರ್ ಎಕ್ಸ್‌ಟೆನ್ಷನ್ ಹಾಕಿದ್ದರೆ ಸೊನ್ನೆಯಿಂದ. ನಡುವಿನಲ್ಲಿ ಮೆದುವಾದದ್ದು ಅಂಚಿನಲ್ಲಿ ಕಡಿದಾಗುತ್ತದೆ, ಹಾಗಾಗಿ 25 ದಾಟಬೇಡಿ. ಡೆಡ್‌ಜೋನ್ (ನಡುವಿನಲ್ಲಿ ಸ್ಟಿಕ್ ಅಲುಗಿದರೂ ಲೆಕ್ಕಕ್ಕಿಲ್ಲದ ಜಾಗ) ಹಾಲ್ ಸೆನ್ಸರ್‌ಗೆ ಸೊನ್ನೆ ಅಥವಾ ಒಂದು, ಪೊಟೆನ್ಷಿಯೋಮೀಟರ್‌ಗೆ ಮೂರರಿಂದ ಐದು.

ಮೊದಲ ಹಾರಾಟ: ಗಂಟೆಗೆ 600 ಕಿ.ಮೀ. ವೇಗ, ಐದು ನಿಮಿಷ ನೇರ ಹಾರಾಟ. ಎತ್ತರ ಏರಿಳಿಯುತ್ತಿದ್ದರೆ ಮೊದಲು ಟ್ರಿಮ್ ನೋಡಿ, ಆಮೇಲೆ ಕರ್ವ್. ಎರಡನೆಯದು: ಇನ್ನೊಂದು ವಿಮಾನದ ರೆಕ್ಕೆಯ ಪಕ್ಕದಲ್ಲಿ ಹತ್ತು ನಿಮಿಷ. ಏರೋ ಇಂಡಿಯಾದಲ್ಲಿ ಯಲಹಂಕದ ಮೇಲೆ ಬೀದರ್‌ನ ಸೂರ್ಯಕಿರಣ ತಂಡದ ಹಾಕ್ ವಿಮಾನಗಳು ಅಂಟಿಸಿದಂತೆ ಹಾರುವುದನ್ನು ನೋಡಿ ಚಪ್ಪಾಳೆ ತಟ್ಟಿದವರು ಇದನ್ನೊಮ್ಮೆ ಮಾಡಬೇಕು. ಮೂವತ್ತು ಸೆಕೆಂಡಿಗೆ ಅಂಗೈ ಬೆವರುತ್ತದೆ. ಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿದಷ್ಟೂ ವಿಮಾನ ತೂಗಾಡುತ್ತದೆ. ಕಾಲ್ಬೆರಳುಗಳನ್ನು ಅಲುಗಾಡಿಸಿ, ಹಿಡಿತ ತಾನಾಗಿ ಸಡಿಲವಾಗುತ್ತದೆ. ಮೂರನೆಯದು ಇಳಿಯುವುದು. ಮಿಗ್-21 ರನ್‌ವೇಯತ್ತ ಬರುವುದೇ ಗಂಟೆಗೆ 300 ಕಿ.ಮೀ.ಗೂ ಮೇಲಿನ ವೇಗದಲ್ಲಿ. ಎಂಜಿನ್ ನಿಧಾನಕ್ಕೆ ಏಳುವ ಸ್ವಭಾವದ್ದು, ಥ್ರಾಟಲ್ ಪೂರ್ತಿ ಎಳೆದರೆ ಮತ್ತೆ ಬಲ ಬರುವಷ್ಟರಲ್ಲಿ ನೆಲ ಬಂದಿರುತ್ತದೆ. ಇಳಿದು, ಲಿವರ್ ಹಿಡಿದು ಪೆಡಲ್ ಒತ್ತಿ ಟ್ಯಾಕ್ಸಿವೇಗೆ ತಿರುಗುವವರೆಗೂ ಪರೀಕ್ಷೆ ಮುಗಿದಿಲ್ಲ.

ಒಂದು ಬಾರಿಗೆ ಒಂದನ್ನೇ ಬದಲಿಸಿ. ಕರ್ವ್, ಸ್ಪ್ರಿಂಗ್, ಕುರ್ಚಿ ಮೂರನ್ನೂ ಒಂದೇ ಸಂಜೆ ಬದಲಿಸಿದವನಿಗೆ ಯಾವುದು ಕೆಡಿಸಿತು ಎಂದು ಗೊತ್ತಾಗುವುದೇ ಇಲ್ಲ.

ನೋಡಿಕೊಳ್ಳುವುದು

ಹಾರಿಸದಿದ್ದಾಗ ಹಳೇ ದಿಂಬಿನ ಚೀಲ ಹೊದಿಸಿ, ನಮ್ಮ ರಸ್ತೆಗಳ ಧೂಳಿಗೆ ಅದೇ ಮದ್ದು. ಸ್ಟಿಕ್ ಕೀಚಲು ಶಬ್ದ ಮಾಡಿದರೆ ಪ್ಲಾಸ್ಟಿಕ್‌ಗೆ ಹೊಂದುವ ಗ್ರೀಸ್ ಮಾತ್ರ, ಅದೂ ಕಡ್ಡಿಯ ತುದಿಯಷ್ಟು. ನಾನು ಒಮ್ಮೆ ಅಡುಗೆಮನೆಯ ಕೊಬ್ಬರಿ ಎಣ್ಣೆ ಬಿಟ್ಟೆ. ಎರಡು ದಿನ ಬೆಣ್ಣೆಯಂತಿತ್ತು, ಡಿಸೆಂಬರ್ ಚಳಿಗೆ ನಿಜವಾಗಿಯೂ ಬೆಣ್ಣೆಯೇ ಆಯಿತು. ಪೊಟೆನ್ಷಿಯೋಮೀಟರ್ ಜಗ್ಗತೊಡಗಿದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಬಾರಿ ಅತ್ತಿತ್ತ ಆಡಿಸಿ. ಕೆಲವು ತಿಂಗಳು ಆಯುಸ್ಸು ಸಿಗುತ್ತದೆ, ಅಷ್ಟೇ. ಮಳೆಗಾಲ ಮುಗಿದೊಡನೆ ಕಂಬದ ಆಂಗಲ್‌ಗಳ ಬೋಲ್ಟುಗಳನ್ನು ಒಂದು ಸುತ್ತು ಬಿಗಿಯಿರಿ. ತೇವಕ್ಕೆ ಉಬ್ಬಿದ ಪ್ಲೈವುಡ್ ಒಣಗಿ ಕುಗ್ಗುವುದು ಆಗಲೇ.